ತಳ್ಳೋದೂ ಒಂದು ಟೆಸ್ಟೇ

ಹಳೇ ಕಾರು ಸ್ಟಾರ್ಟ್ ಆಗಲಿಲ್ಲ ಅಂದ್ರೆ ನಮ್ಮ ಕಡೆ ಮೂರು ತೀರ್ಪು ತಕ್ಷಣ ಬರುತ್ತೆ. ‘ಬ್ಯಾಟರಿ ಹೋಗದೆ, ಹೊಸದು ಹಾಕ್ಸಿ’, ‘ಪ್ಲಗ್ ಬದಲಾಯ್ಸಿ’, ‘ಹಳೇ ಗಾಡಿ, ಮಾರಾಕ್ಬುಡಿ’. ಹೀಗೆ ಹೇಳುವ ಯಾರೂ ಏನನ್ನೂ ಪರೀಕ್ಷೆ ಮಾಡಿರಲ್ಲ. ಇಂಜಿನಿಯರಿಂಗ್ ಓದುವವರ ಉತ್ತರವೂ ಇದೇ ಆಗ್ತಿದೆ ಅನ್ನೋದು ನಮ್ಮ ತಕರಾರು.

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ನಮಗೆ ಇದು ಬರೀ ಚರ್ಚೆಯ ವಿಷಯ ಅಲ್ಲ. ಮಾರುತಿ 800 ಬಂದಿದ್ದು 1983ರಲ್ಲಿ, ತಯಾರಿಕೆ ನಿಂತಿದ್ದು 2014ರಲ್ಲಿ. ನಮ್ಮ ಊರುಗಳಲ್ಲಿ ಅದಿನ್ನೂ ಓಡ್ತಿದೆ. ಈ ಮೂರೂ ಊರಿಗೆ ರೈಲಿಲ್ಲ. ರಾತ್ರಿ ಆಸ್ಪತ್ರೆಗೆ ಹೋಗಬೇಕು ಅಂದ್ರೆ ಎಷ್ಟೋ ಮನೆಗೆ ಬಾಗಿಲಲ್ಲಿ ನಿಂತಿರೋ ಆ ಕಾರೇ ಗತಿ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5000ಕ್ಕೆ ಏರಿತು. ಅದರ ಮೇಲೆ ಬೇಡದ ಬ್ಯಾಟರಿ ಬೇರೆ ಕೊಂಡರೆ ಆ ಮನೆಯವರಿಗೆ ಅದು ದಂಡವೇ.

ನಮ್ಮೂರ ಹಳೇ ಮೆಕ್ಯಾನಿಕ್‌ಗಳು ಬಾನೆಟ್ ಎತ್ತೋ ಮೊದಲು ಕೇಳುವ ಪ್ರಶ್ನೆ ಒಂದೇ: ‘ಸೆಲ್ಫ್ ಹೊಡಿತಾ ಅದಾ ಸಾ?’ ಈ ಪ್ರಶ್ನೆ ಸಮಸ್ಯೆಯನ್ನು ಎರಡು ಭಾಗ ಮಾಡುತ್ತೆ. ಸೆಲ್ಫ್ ತಿರುಗ್ತಾನೇ ಇಲ್ಲ ಅಂದ್ರೆ ಬ್ಯಾಟರಿ, ಟರ್ಮಿನಲ್, ಸ್ಟಾರ್ಟರ್ ಮೋಟರ್ ಕಡೆ ನೋಡಬೇಕು. ಸೆಲ್ಫ್ ಚೆನ್ನಾಗಿ ತಿರುಗಿ ಇಂಜಿನ್ ಹಿಡಿತಿಲ್ಲ ಅಂದ್ರೆ ಕರೆಂಟ್ ಇಲ್ಲವೇ ಪೆಟ್ರೋಲ್ ಕಡೆ ನೋಡಬೇಕು. ಎರಡನೆಯದಕ್ಕೆ ಹೊಸ ಬ್ಯಾಟರಿ ಹಾಕಿಸಿ ಉಪಯೋಗ ಇಲ್ಲ.

ಗಾಡಿ ತಳ್ಳೋದನ್ನೇ ತಗೊಳ್ಳಿ. ನಾವೆಲ್ಲ ಅದನ್ನು ಪರಿಹಾರ ಅಂದುಕೊಂಡಿದ್ದೀವಿ, ಆದರೆ ಅದೊಂದು ಟೆಸ್ಟು. ಸೆಲ್ಫ್ ಹೊಡೆಯದ ಕಾರು ಸೆಕೆಂಡ್ ಗೇರಲ್ಲಿ ತಳ್ಳಿದಾಗ ಸ್ಟಾರ್ಟ್ ಆಯ್ತು ಅಂದ್ರೆ ಸ್ಪಾರ್ಕೂ ಪೆಟ್ರೋಲೂ ಸರಿ ಇದೆ ಅಂತ ಆಯ್ತು. ಪ್ಲಗ್, ಕಾರ್ಬುರೇಟರ್ ಮುಟ್ಟೋ ಹಾಗೇ ಇಲ್ಲ.

‘ಲೈಟ್ ಚೆನ್ನಾಗಿ ಉರಿತಾ ಇದೆ, ಆದ್ರೂ ಸೆಲ್ಫ್ ಟಕ್ ಅಂದು ಸುಮ್ಮನಾಗುತ್ತೆ’ ಅನ್ನೋ ದೂರು ತುಂಬಾ ಕೇಳ್ತೀವಿ. ಇದಕ್ಕೆ ಉತ್ತರ ನಮ್ಮ ಮೊದಲ ವರ್ಷದ ಓಮ್ ನಿಯಮದಲ್ಲೇ ಇದೆ. 55 ವ್ಯಾಟ್‌ನ ಎರಡು ಬಲ್ಬಿಗೆ 12 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಸಾಕು. ಸ್ಟಾರ್ಟರ್‌ಗೆ 100 ಆದರೂ ಬೇಕು. ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ಟಿ ಅಲ್ಲಿ 0.05 ಓಮ್ ತಡೆ ಬಂತು ಅಂತಿಟ್ಟುಕೊಳ್ಳಿ. ಬಲ್ಬಿನ ದಾರಿಯಲ್ಲಿ ಕಳೆದುಹೋಗೋದು ಅರ್ಧ ವೋಲ್ಟೂ ಇಲ್ಲ. ಸ್ಟಾರ್ಟರ್ ದಾರಿಯಲ್ಲಿ 5 ವೋಲ್ಟ್! ಇಲ್ಲಿ ಬೇಕಾಗಿದ್ದು ಹೊಸ ಬ್ಯಾಟರಿ ಅಲ್ಲ, ಒಂದು ಸ್ಪ್ಯಾನರ್, ಒಂದು ತುಂಡು ಉಪ್ಪು ಕಾಗದ. ಬ್ಯಾಟರಿ ಮೇಲೆ ಅನುಮಾನ ಇದ್ದರೆ ಮಲ್ಟಿಮೀಟರ್ ಹಿಡಿಯಿರಿ. ಪೂರ್ತಿ ಚಾರ್ಜ್ ಆಗಿ ಸುಮ್ಮನೆ ನಿಂತಾಗ 12.6 ವೋಲ್ಟ್ ಹತ್ತಿರ ಇರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಆಗ ಬ್ಯಾಟರಿಯನ್ನು ಬೈಯಬಹುದು.

ಸೆಲ್ಫ್ ಸರಿ ಇದ್ದು ಇಂಜಿನ್ ಹಿಡಿತಿಲ್ಲ ಅಂದ್ರೆ ನಾಲ್ಕೈದು ಸಲ ಸೆಲ್ಫ್ ಹೊಡೆದು ಪ್ಲಗ್ ಬಿಚ್ಚಿ ನೋಡಿ. ಒಣಗಿದ್ದರೆ ಪೆಟ್ರೋಲ್ ಬರ್ತಿಲ್ಲ. ಒದ್ದೆ ಇದ್ದರೆ ಪೆಟ್ರೋಲ್ ಬಂದಿದೆ, ಸ್ಪಾರ್ಕ್ ಇಲ್ಲ, ಇಲ್ಲವೇ ಓವರ್‌ಫ್ಲೋ ಆಗಿದೆ. ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟ ಹತ್ತಿ ನಿಲ್ಲಿಸಿದ ಕಾರ್ಬುರೇಟರ್ ಕಾರು ಮತ್ತೆ ಸ್ಟಾರ್ಟ್ ಆಗದೆ, ಅರ್ಧ ಗಂಟೆ ಆದಮೇಲೆ ತಾನೇ ಸರಿಹೋಯ್ತು ಅನ್ನಿ. ಅದು ದೇವರ ಆಟ ಅಲ್ಲ, ಬಿಸಿಯ ಆಟ. ಪೆಟ್ರೋಲ್ ಪೈಪಲ್ಲೇ ಆವಿಯಾಗಿರುತ್ತೆ, ಇಲ್ಲಾ ಕಾದ ಇಗ್ನಿಷನ್ ಕಾಯಿಲ್ ಕೈಕೊಟ್ಟಿರುತ್ತೆ. ಯಾವುದು ಅಂತ ಇಂಜಿನ್ ಬಿಸಿ ಇದ್ದಾಗಲೇ ಸ್ಪಾರ್ಕ್ ನೋಡಿದರೆ ಗೊತ್ತಾಗುತ್ತೆ. ಚೆಲ್ಲಿದ ಪೆಟ್ರೋಲ್ ಹತ್ತಿರ ಮಾತ್ರ ಈ ಪರೀಕ್ಷೆ ಬೇಡ.

‘ಮಗಾ, ಇದೆಲ್ಲ ಹಳೇ ಕಾಲ. ಈಗ ಸ್ಕ್ಯಾನರ್ ಇದೆ, ಇಲೆಕ್ಟ್ರಿಕ್ ಕಾರ್ ಬಂದಿದೆ’ ಅಂತ ಗೆಳೆಯರು ಹೇಳ್ತಾರೆ. ಸ್ಕ್ಯಾನರ್ ಕೊಡೋದು ಒಂದು ಸುಳಿವು ಅಷ್ಟೇ. ಸೆನ್ಸರ್ ಕೆಟ್ಟಿದೆಯೋ ಅದರ ವೈರು ಸಡಿಲ ಆಗಿದೆಯೋ ಅಂತ ಮನುಷ್ಯನೇ ನೋಡಬೇಕು. ಇಲೆಕ್ಟ್ರಿಕ್ ಕಾರಿನಲ್ಲೂ ಸಾಮಾನ್ಯವಾಗಿ ಒಂದು 12 ವೋಲ್ಟ್ ಬ್ಯಾಟರಿ ಇರುತ್ತೆ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಏಳಲ್ಲ.

ನಮ್ಮ ಬೇಡಿಕೆ ಸಣ್ಣದು. ಲ್ಯಾಬಲ್ಲಿ ಕತ್ತರಿಸಿಟ್ಟ ಇಂಜಿನ್ ತೋರಿಸಿ ನಾಲ್ಕು ಸ್ಟ್ರೋಕ್ ಹೆಸರು ಕೇಳೋದರ ಜೊತೆಗೆ ಒಂದು ಹಳೇ ಕಾರನ್ನೂ ತಂದು ನಿಲ್ಲಿಸಲಿ. ಅದರಲ್ಲಿ ಒಂದು ದೋಷ ಇಟ್ಟು 20 ನಿಮಿಷ ಕೊಡಲಿ. ಪರೀಕ್ಷೆ ಮಾಡದೆ ಪಾರ್ಟ್ ಬದಲಿಸಿದವರಿಗೆ ಸೊನ್ನೆ. ಕಾರಣ ವಿವರಿಸುವಾಗ ‘ಪೆಟ್ರೋಲ್ ಬತ್ತಾ ಇಲ್ಲ ಸಾ’ ಅಂತ ನಮ್ಮೂರ ಮಾತಲ್ಲಿ ಹೇಳಿದರೂ ಪೂರ್ತಿ ಅಂಕ ಕೊಡಲಿ.