ದೈತ್ಯ ಟ್ರಕ್ಕುಗಳ ಆರ್ಭಟ: ಬೇಲಿಯ ಈಚೆ ನಿಂತವರಿಗೆ ಯಾರು ಹೊಣೆ?

2025ರ ಮೇ ತಿಂಗಳಲ್ಲಿ ಅಮೆರಿಕದ ಈಶಾನ್ಯ ತುದಿಯಲ್ಲಿರುವ ಮೇನ್ ರಾಜ್ಯದ ಟಾಪ್‌ಶಮ್ ಎಂಬ ಸಣ್ಣ ಊರಿನ ಮೇಳದ ಮೈದಾನದಲ್ಲಿ ಮಾನ್‌ಸ್ಟರ್ ಟ್ರಕ್ ಪ್ರದರ್ಶನ ಏರ್ಪಾಡಾಗಿತ್ತು. ದಿಬ್ಬವೇರಿ ಮೇಲಕ್ಕೆ ಚಿಮ್ಮಿದ ಟ್ರಕ್ಕೊಂದು ವಿದ್ಯುತ್ ತಂತಿಗೆ ಸಿಕ್ಕಿಕೊಂಡಿತು. ಕಂಬ ಮುರಿಯಿತು, ತಂತಿಗಳು ನೆಲಕ್ಕುರುಳಿದವು, ನೋಡುತ್ತಿದ್ದ ಜನ ಮಕ್ಕಳನ್ನು ಎಳೆದುಕೊಂಡು ಓಡಿದರು. ಅದೃಷ್ಟವಶಾತ್ ಪ್ರಾಣಹಾನಿ ಸಂಭವಿಸಲಿಲ್ಲ. ಆ ಕಾರಣಕ್ಕೇ ಸುದ್ದಿಯೂ ಬೇಗ ತಣ್ಣಗಾಯಿತು.

ಆದರೆ ಘಟನೆ ಎತ್ತಿದ ಪ್ರಶ್ನೆ ಅಷ್ಟು ಬೇಗ ತಣ್ಣಗಾಗುವಂಥದ್ದಲ್ಲ. ತಂತಿ ಎಲ್ಲಿದೆ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಟ್ರಕ್ ಹಾರುತ್ತದೆ ಎಂಬುದು ಟಿಕೆಟ್ ಹಿಡಿದು ಬಂದ ಮಗುವಿಗೂ ಗೊತ್ತಿತ್ತು. ಇವೆರಡನ್ನೂ ಒಟ್ಟಿಗೆ ನೋಡಿ, ಇಲ್ಲಿ ಹಾರಬಾರದು ಎಂದು ಹೇಳಬೇಕಾಗಿದ್ದವರು ಯಾರು? ಮಾನ್‌ಸ್ಟರ್ ಟ್ರಕ್ ಪ್ರದರ್ಶನಗಳು ಅಮೆರಿಕದ ಗಡಿ ದಾಟಿ ಯುರೋಪು, ಲ್ಯಾಟಿನ್ ಅಮೆರಿಕ, ಆಸ್ಟ್ರೇಲಿಯಗಳಿಗೆ ಹಬ್ಬಿ ಬಹಳ ಕಾಲವಾಯಿತು. ಆಟ ಹಬ್ಬಿದ ವೇಗದಲ್ಲಿ ಅದರ ನಿಯಮಗಳು ಹಬ್ಬಲಿಲ್ಲ ಎಂಬುದೇ ಈ ಮನರಂಜನೆಯ ಮೂಲಭೂತ ಸಮಸ್ಯೆ.

ಹೊಲದಲ್ಲಿ ಹುಟ್ಟಿದ ಆಟ

ಈ ಆಟಕ್ಕೆ ಯೋಜನೆ ಹಾಕಿ ಬುನಾದಿ ಹಾಕಿದವರು ಯಾರೂ ಇಲ್ಲ. ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದ ಹೊರವಲಯದಲ್ಲಿ ಬಾಬ್ ಚಾಂಡ್ಲರ್ ಎಂಬವರು ನಾಲ್ಕು ಚಕ್ರ ಚಾಲನೆಯ ವಾಹನಗಳ ಬಿಡಿಭಾಗಗಳ ಅಂಗಡಿ ನಡೆಸುತ್ತಿದ್ದರು. ತಮ್ಮ 1974ರ ಮಾದರಿಯ ಫೋರ್ಡ್ ಎಫ್-250 ಪಿಕಪ್ ವಾಹನಕ್ಕೆ ಒಂದರ ಮೇಲೊಂದು ಬದಲಾವಣೆ ಮಾಡುತ್ತ, ದೊಡ್ಡ ಚಕ್ರ, ಗಟ್ಟಿ ಆಕ್ಸಲ್, ಬಲವಾದ ಎಂಜಿನ್ ಜೋಡಿಸುತ್ತ ಹೋದರು. ಅದಕ್ಕೆ ‘ಬಿಗ್‌ಫುಟ್’ ಎಂಬ ಹೆಸರು ಬಿತ್ತು. 1981ರಲ್ಲಿ ಹೊಲವೊಂದರಲ್ಲಿ ಹಳೆಯ ಕಾರುಗಳ ಮೇಲೆ ಆ ವಾಹನವನ್ನು ಹತ್ತಿಸಿ, ಅದನ್ನು ಚಿತ್ರೀಕರಿಸಿಕೊಂಡರು. ಆ ದೃಶ್ಯ ಕಂಡ ಪ್ರದರ್ಶನ ಸಂಘಟಕರು ಇದನ್ನೇ ಜನರೆದುರು ಮಾಡಿ ತೋರಿಸಿ ಎಂದು ಬೆನ್ನುಹತ್ತಿದರು. ಚಾಂಡ್ಲರ್ ಮೊದಲು ಹಿಂಜರಿದರೂ ಕೊನೆಗೆ ಒಪ್ಪಿದರು. ಕೆಲವೇ ವರ್ಷಗಳಲ್ಲಿ ಈ ಆಟ ಭಾರಿ ಕ್ರೀಡಾಂಗಣಗಳನ್ನು ತುಂಬತೊಡಗಿತು.

ಅದೇ ಸುಮಾರಿಗೆ, 1982ರಲ್ಲಿ, ನಾರ್ತ್ ಕೆರೊಲೈನಾದ ಡೆನಿಸ್ ಆಂಡರ್ಸನ್ ಕೆಸರಿನ ಓಟಕ್ಕೆಂದು ಹಳೆಯ ಪಿಕಪ್ಪೊಂದನ್ನು ಸಜ್ಜುಗೊಳಿಸಿದರು. ‘ಗ್ರೇವ್ ಡಿಗ್ಗರ್’ ಎಂಬ ಆ ಹೆಸರು ಇಂದು ಈ ಲೋಕದಲ್ಲೇ ಅತ್ಯಂತ ಪ್ರಸಿದ್ಧವಾದುದು. ಯಂತ್ರ ಉಳಿಯುತ್ತದೋ ಮುರಿಯುತ್ತದೋ ಎಂದು ಲೆಕ್ಕಿಸದೆ ನುಗ್ಗುವ ಆಂಡರ್ಸನ್ ಶೈಲಿಗೆ ಜನ ಮುಗಿಬಿದ್ದರು. ಮುಂದೆ ‘ಫ್ರೀಸ್ಟೈಲ್’ ಎಂದು ಕರೆಸಿಕೊಂಡ ಸ್ವಚ್ಛಂದ ಸಾಹಸದ ಸುತ್ತಿಗೆ ಇಂಥ ಚಾಲನೆಯೇ ದಾರಿ ಮಾಡಿಕೊಟ್ಟಿತು. ಕಾರು ಜಜ್ಜುವ ಪ್ರದರ್ಶನ ಹೀಗೆ ಹಾರುವ ಪ್ರದರ್ಶನವಾಯಿತು. 2013ರಲ್ಲಿ ಜೋ ಸಿಲ್ವೆಸ್ಟರ್ ಎಂಬ ಚಾಲಕ ಪೆನ್ಸಿಲ್ವೇನಿಯದಲ್ಲಿ 72.42 ಮೀಟರ್ ದೂರ ಟ್ರಕ್ ಹಾರಿಸಿ ಗಿನ್ನೆಸ್ ದಾಖಲೆಗೆ ಸೇರಿದರು.

ಹೊದಿಕೆಯ ಒಳಗಿನ ಯಂತ್ರ

ಹೊರನೋಟಕ್ಕೆ ಪಿಕಪ್ಪಿನಂತೆ ಕಂಡರೂ ಇಂದಿನ ಮಾನ್‌ಸ್ಟರ್ ಟ್ರಕ್ಕಿಗೂ ರಸ್ತೆಯ ವಾಹನಕ್ಕೂ ಸಂಬಂಧವಿಲ್ಲ. ಹೊರಮೈ ಎಂಬುದು ಫೈಬರ್ ಗ್ಲಾಸಿನ ಹೊದಿಕೆ ಮಾತ್ರ. ಅದರೊಳಗೆ ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಪಂಜರವಿರುತ್ತದೆ. ಕಂಪ್ಯೂಟರ್ ನೆರವಿನಿಂದ ರೂಪಿಸಿದ ಇಂಥ ಪಂಜರವನ್ನು 1989ರ ಸುಮಾರಿಗೆ ಚಾಂಡ್ಲರ್ ತಂಡವೇ ತಂದಾಗ ಟ್ರಕ್ಕುಗಳ ಸ್ವರೂಪ ಬದಲಾಯಿತು. ಟೈರಿನ ಎತ್ತರ 66 ಅಂಗುಲ, ಅಂದರೆ ಸರಾಸರಿ ಮನುಷ್ಯನ ಎತ್ತರಕ್ಕೆ ಸರಿಸುಮಾರು ಸಮ. ಅಗಲ 43 ಅಂಗುಲ. ಒಟ್ಟು ತೂಕ ಸುಮಾರು 5,400 ಕಿಲೋ. ಮೆಥನಾಲ್ ಉರಿಸುವ ಎಂಜಿನ್ ಸುಮಾರು 1,500 ಅಶ್ವಶಕ್ತಿ ಹೊಮ್ಮಿಸುತ್ತದೆ.

ಚಾಲಕ ಕುಳಿತುಕೊಳ್ಳುವುದು ನಟ್ಟನಡುವೆ, ಆತನ ಮೈಯ ಅಳತೆಗೆ ಸರಿಯಾಗಿ ಎರಕ ಹೊಯ್ದ ಆಸನದಲ್ಲಿ. ಮುಂದಿನ ಚಕ್ರಗಳನ್ನು ಸ್ಟಿಯರಿಂಗಿನಿಂದ ತಿರುಗಿಸಿದರೆ, ಹಿಂದಿನ ಚಕ್ರಗಳಿಗೆ ಬೇರೆಯದೇ ಸ್ವಿಚ್ಚು. ಬೆಂಕಿ ತಾಗದ ಉಡುಪು, ಹೆಲ್ಮೆಟ್, ಕುತ್ತಿಗೆ ಹಿಡಿದಿಡುವ ಸಾಧನ, ಹಲವು ಪಟ್ಟಿಗಳ ಬೆಲ್ಟು ಕಡ್ಡಾಯ. ಟ್ರಕ್ ಪಲ್ಟಿ ಹೊಡೆದು ತಲೆಕೆಳಗಾದ ಮೇಲೂ ಚಾಲಕ ಹೊರಬಂದು ಜನರತ್ತ ಕೈಬೀಸುವುದು ಪ್ರದರ್ಶನದ ಮಾಮೂಲಿ ದೃಶ್ಯ. ಚಾಲಕನ ಸುರಕ್ಷೆಯಲ್ಲಿ ಈ ಉದ್ಯಮ ಸಾಧಿಸಿರುವುದು ಸಣ್ಣ ಸಾಧನೆಯಲ್ಲ. ಪ್ರೇಕ್ಷಕರ ವಿಷಯದಲ್ಲಿ ಅದೇ ಮಾತನ್ನು ಎಲ್ಲ ಕಡೆಗೂ ಅನ್ವಯಿಸಿ ಹೇಳಲಾಗದು.

ಹೆಸರು ಟ್ರಕ್ಕಿನದು, ಮೈ ಚಾಲಕನದು

ಇಂದು ಈ ಕ್ಷೇತ್ರದ ಅತಿದೊಡ್ಡ ಪ್ರದರ್ಶನ ಸರಣಿಯಾದ ‘ಮಾನ್‌ಸ್ಟರ್ ಜಾಮ್’ ಅಮೆರಿಕದ ಫೆಲ್ಡ್ ಎಂಟರ್‌ಟೇನ್‌ಮೆಂಟ್ ಸಂಸ್ಥೆಯ ಸ್ವತ್ತು. 2008ರಲ್ಲಿ ಅದು ಈ ಸಂಸ್ಥೆಯ ಕೈಸೇರಿತು. ಹೆಸರಾಂತ ರಿಂಗ್ಲಿಂಗ್ ಬ್ರದರ್ಸ್ ಸರ್ಕಸ್ಸಿನ ಒಡೆತನವೂ ಇದೇ ಸಂಸ್ಥೆಯದು. ಆ ಸರ್ಕಸ್ 2017ರಲ್ಲಿ ನಿಂತುಹೋಗಿ, 2023ರಲ್ಲಿ ಪ್ರಾಣಿಗಳಿಲ್ಲದೆ ಮರಳಿತು. ಆನೆ, ಹುಲಿಗಳು ಕಣದಿಂದ ನಿರ್ಗಮಿಸಿದರೂ ಅದೇ ಒಡೆತನದ ಯಾಂತ್ರಿಕ ಮೃಗಗಳ ಪ್ರದರ್ಶನಕ್ಕೆ ಕುಂದು ಬಂದಿಲ್ಲ ಎಂಬುದು ಗಮನಾರ್ಹ.

ಸರ್ಕಸ್ಸಿನ ಹೋಲಿಕೆ ಇನ್ನೂ ಒಂದು ಕಾರಣಕ್ಕೆ ಸೂಕ್ತವೆನಿಸುತ್ತದೆ. ಕಾರು ರೇಸಿನಲ್ಲಿ ಜನ ಚಾಲಕನ ಹೆಸರು ಹಿಡಿದು ಕೂಗುತ್ತಾರೆ. ಇಲ್ಲಿ ಮಕ್ಕಳು ಕೂಗುವುದು ಟ್ರಕ್ಕಿನ ಹೆಸರನ್ನು. ಒಂದೇ ಹೆಸರಿನ, ಒಂದೇ ಬಣ್ಣದ ಹಲವು ಟ್ರಕ್ಕುಗಳು ಒಂದೇ ವಾರಾಂತ್ಯದಲ್ಲಿ ಬೇರೆ ಬೇರೆ ನಗರಗಳಲ್ಲಿ, ಬೇರೆ ಬೇರೆ ಚಾಲಕರ ಕೈಯಲ್ಲಿ ಪ್ರದರ್ಶನ ನೀಡುತ್ತವೆ. ಆಟಿಕೆ, ಟೀ ಶರ್ಟು, ವಿಡಿಯೋ ಗೇಮುಗಳ ವ್ಯಾಪಾರ ನಿಂತಿರುವುದೂ ಆ ಹೆಸರಿನ ಮೇಲೆಯೇ. ಚಾಲಕ ಬದಲಾದರೂ ಹೆಸರಿಗೆ ಮುಪ್ಪಿಲ್ಲ. ಡೆನಿಸ್ ಆಂಡರ್ಸನ್ 2017ರಲ್ಲಿ ನಿವೃತ್ತರಾದರು. ಅದೇ ವರ್ಷ ಅವರ ಪುತ್ರಿ ಕ್ರಿಸ್ಟನ್ ಆಂಡರ್ಸನ್ ಗ್ರೇವ್ ಡಿಗ್ಗರ್ ಓಡಿಸಿದ ಮೊದಲ ಮಹಿಳೆಯಾದರು. ಅದಕ್ಕೂ ಮೊದಲೇ, 2005ರಲ್ಲಿ, ಕುಸ್ತಿಪಟುವಾಗಿದ್ದ ಡೆಬ್ರಾ ಮಿಸೆಲಿ ಮಾನ್‌ಸ್ಟರ್ ಜಾಮ್ ವಿಶ್ವ ಫೈನಲ್ಸ್‌ನ ಓಟದ ಪ್ರಶಸ್ತಿಯನ್ನು ಪುರುಷರೆದುರು ಗೆದ್ದಿದ್ದರು.

ಈ ಉದ್ಯಮದೊಡನೆ ಭಾರತಕ್ಕೂ ನೇರ ನಂಟಿದೆ. ಮಾನ್‌ಸ್ಟರ್ ಜಾಮ್ ಟ್ರಕ್ಕುಗಳಿಗೆ 2014ರಿಂದ ಟೈರು ಒದಗಿಸುತ್ತ ಬಂದಿರುವುದು ಮುಂಬಯಿ ಮೂಲದ ಬಾಲಕೃಷ್ಣ ಇಂಡಸ್ಟ್ರೀಸ್. ಟ್ರ್ಯಾಕ್ಟರು, ಗಣಿ ವಾಹನಗಳ ಟೈರಿಗೆ ಹೆಸರಾದ ಈ ಸಂಸ್ಥೆ ‘ಬಿಕೆಟಿ’ ಎಂಬ ತನ್ನ ಗುರುತನ್ನು ಅಮೆರಿಕದ ಗ್ರಾಮೀಣ ಗ್ರಾಹಕರಿಗೆ ಪರಿಚಯಿಸಲು ಈ ಕಣವನ್ನೇ ಆರಿಸಿಕೊಂಡಿತು.

ನಿಯಮ ಬಂದದ್ದು ಒಳಗಿನಿಂದಲೇ

1980ರ ದಶಕದಲ್ಲಿ ಪ್ರದರ್ಶನಗಳು ಬೇಕಾಬಿಟ್ಟಿಯಾಗಿ ಬೆಳೆದಾಗ, ಹೀಗೇ ಬಿಟ್ಟರೆ ದೊಡ್ಡ ಅನಾಹುತ ಖಚಿತ ಎಂಬ ಅಳುಕು ಮೊದಲು ಮೂಡಿದ್ದು ಟ್ರಕ್ ಒಡೆಯರಲ್ಲಿಯೇ. ಚಾಂಡ್ಲರ್ ಮುಂದಾಳತ್ವದಲ್ಲಿ ಆ ದಶಕದ ಕೊನೆಗೆ ಮಾನ್‌ಸ್ಟರ್ ಟ್ರಕ್ ರೇಸಿಂಗ್ ಅಸೋಸಿಯೇಷನ್ ಸ್ಥಾಪನೆಯಾಯಿತು. ಪಂಜರ ಎಷ್ಟು ಗಟ್ಟಿಯಿರಬೇಕು, ಚಾಲಕ ಏನೇನು ಧರಿಸಬೇಕು ಎಂಬ ನಿಯಮಗಳು ರೂಪುಗೊಂಡವು. ಇವುಗಳಲ್ಲಿ ಮುಖ್ಯವಾದುದು ದೂರನಿಯಂತ್ರಿತ ಎಂಜಿನ್ ತಡೆ. ಕಣದ ಬದಿಯಲ್ಲಿ ನಿಂತ ಅಧಿಕಾರಿಯ ಕೈಯಲ್ಲಿ ರೇಡಿಯೊ ಉಪಕರಣವಿರುತ್ತದೆ. ಚಾಲಕ ಹತೋಟಿ ತಪ್ಪಿದನೆಂದು ಕಂಡೊಡನೆ ಗುಂಡಿ ಒತ್ತಿದರೆ ಎಂಜಿನ್ ಸ್ಥಗಿತಗೊಳ್ಳುತ್ತದೆ. ಪ್ರತಿ ಪ್ರದರ್ಶನಕ್ಕೂ ಮುನ್ನ ಇದನ್ನು ಪರೀಕ್ಷಿಸುವುದು ಶಿಸ್ತುಬದ್ಧ ಪ್ರದರ್ಶನಗಳಲ್ಲಿ ರೂಢಿ.

ಆದರೆ ಇದೊಂದು ಉದ್ಯಮಿಗಳ ಸಂಘ. ಅದರ ಮಾತು ನಡೆಯುವುದು ಅದನ್ನು ಒಪ್ಪಿದವರಲ್ಲಿ ಮಾತ್ರ. ಬೇರೊಂದು ದೇಶದ ಪಟ್ಟಣದಲ್ಲಿ ಸ್ವಂತವಾಗಿ ಟ್ರಕ್ ಕಟ್ಟಿಕೊಂಡವನಿಗೆ ಈ ನಿಯಮಾವಳಿ ಕೈಪಿಡಿಯಾಗಬಹುದೇ ಹೊರತು ಕಾನೂನಾಗದು. ಅಲ್ಲಿ ಉಳಿಯುವುದು ಸ್ಥಳೀಯಾಡಳಿತದ ಪರವಾನಗಿ ಒಂದೇ.

ಮೂರು ದುರಂತ, ಮೂರು ಪಾಠ

2009ರ ಜನವರಿಯಲ್ಲಿ ವಾಷಿಂಗ್ಟನ್ ರಾಜ್ಯದ ಟಕೋಮಾ ನಗರದ ಒಳಾಂಗಣದಲ್ಲಿ ಟ್ರಕ್ಕೊಂದರಿಂದ ಸಿಡಿದ ಲೋಹದ ತುಂಡು ಪ್ರೇಕ್ಷಕರ ನಡುವೆ ಬಡಿದು ಆರು ವರ್ಷದ ಬಾಲಕನೊಬ್ಬ ಮೃತಪಟ್ಟ. ಟ್ರಕ್ ಕಣ ಬಿಟ್ಟು ಹೋಗಿರಲಿಲ್ಲ. ಸಿದ್ಧಪಡಿಸಿದ ಕ್ರೀಡಾಂಗಣದಲ್ಲೂ ಅಪಾಯ ಗೋಡೆಯ ಮೇಲಿಂದ ಹಾರಿ ಬರಬಲ್ಲದು ಎಂಬುದು ಅಲ್ಲಿಯ ಪಾಠ.

2013ರ ಅಕ್ಟೋಬರಿನಲ್ಲಿ ಮೆಕ್ಸಿಕೊದ ಚಿವಾವಾ ನಗರದಲ್ಲಿ ಕಾರುಗಳ ಮೇಲೆ ಹಾದ ಟ್ರಕ್ ನಿಲ್ಲದೆ ನೇರವಾಗಿ ಜನರ ಮೇಲೆ ನುಗ್ಗಿತು. ಕನಿಷ್ಠ ಎಂಟು ಮಂದಿ ಸತ್ತರು, ಹತ್ತಾರು ಜನ ಗಾಯಗೊಂಡರು. ಜಿಗಿತದ ರಭಸಕ್ಕೆ ಚಾಲಕನ ತಲೆಗೆ ಪೆಟ್ಟು ಬಿದ್ದಿರಬಹುದು ಎಂಬ ಮಾತು ಆಗ ಕೇಳಿಬಂತು. ಚಾಲಕ ಪ್ರಜ್ಞೆ ತಪ್ಪಿದರೆ ಟ್ರಕ್ಕನ್ನು ನಿಲ್ಲಿಸುವವರು ಯಾರು ಎಂಬುದಕ್ಕೆ ಅಲ್ಲಿ ಉತ್ತರವಿರಲಿಲ್ಲ. ಅಂಥ ವಾಹನವನ್ನು ತಡೆಯಬಲ್ಲ ಗೋಡೆಯೂ ಇರಲಿಲ್ಲ.

ಮರುವರ್ಷ, 2014ರ ಸೆಪ್ಟೆಂಬರ್ 28ರಂದು, ನೆದರ್ಲೆಂಡ್ಸ್‌ನ ಹಾಕ್ಸ್‌ಬರ್ಗನ್ ಪಟ್ಟಣದ ವಾಹನ ನಿಲುಗಡೆ ಪ್ರದೇಶದಲ್ಲಿ ನಡೆದ ಉತ್ಸವದಲ್ಲಿ ಹೆಚ್ಚುಕಡಿಮೆ ಅದೇ ಮರುಕಳಿಸಿತು. ಮಗುವೂ ಸೇರಿ ಮೂವರು ಅಸುನೀಗಿದರು. ಚಾಲಕನಿಗೆ ಶಿಕ್ಷೆಯಾಯಿತು. ಆದರೆ ಆ ದೇಶ ಅಷ್ಟಕ್ಕೇ ಕೈತೊಳೆದುಕೊಳ್ಳಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಅಲ್ಲಿಯ ಸ್ವತಂತ್ರ ಸುರಕ್ಷಾ ಮಂಡಳಿ ಇಡೀ ಪ್ರಕರಣವನ್ನು ತನಿಖೆಗೊಳಪಡಿಸಿ, ಸಂಘಟಕರನ್ನೂ ಅಪಾಯವನ್ನು ಸರಿಯಾಗಿ ಅಂದಾಜು ಮಾಡದೆ ಪರವಾನಗಿ ನೀಡಿದ ಪುರಸಭೆಯನ್ನೂ ಟೀಕಿಸಿತು. ವರದಿ ಹೊರಬಿದ್ದ 2015ರಲ್ಲಿ ಪಟ್ಟಣದ ಮೇಯರ್ ರಾಜೀನಾಮೆ ಕೊಟ್ಟರು. ಅನುಮತಿ ಪತ್ರಕ್ಕೆ ಹಾಕುವ ಸಹಿಗೂ ಹೊಣೆಯುಂಟು ಎಂಬುದನ್ನು ಆ ರಾಜೀನಾಮೆ ಒಪ್ಪಿಕೊಂಡಂತಾಯಿತು.

ಲೆಕ್ಕ ಹೇಳುವ ಸತ್ಯ

ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಸಾಗುವ ವಾಹನ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಕ್ರಮಿಸುತ್ತದೆ. ಅಪಾಯವನ್ನು ಕಂಡು, ಅರಿತು, ಗುಂಡಿ ಒತ್ತಲು ಅಧಿಕಾರಿಗೆ ಒಂದು ಸೆಕೆಂಡು ಹಿಡಿಯಿತೆಂದು ಭಾವಿಸಿದರೂ, ಹತ್ತು ಮೀಟರ್ ದೂರದಲ್ಲಿ ನಿಂತವರಿಗೆ ಆ ಗುಂಡಿಯಿಂದ ಪ್ರಯೋಜನವಿಲ್ಲ. ಎಂಜಿನ್ ನಿಂತ ಮಾತ್ರಕ್ಕೆ 5,400 ಕಿಲೋ ತೂಕ ನಿಂತಲ್ಲೇ ನಿಲ್ಲುವುದೂ ಇಲ್ಲ. ಇನ್ನು ಬೇಲಿಯ ಮಾತು. ಅಡ್ಡ ಬಂದದ್ದನ್ನು ಹತ್ತಿ ದಾಟಲೆಂದೇ ಕಟ್ಟಿದ ವಾಹನವಿದು. ಸಾಲಾಗಿ ನಿಲ್ಲಿಸಿದ ಕಾರುಗಳೇ ಅದಕ್ಕೆ ಅಡ್ಡಿಯಾಗದಿರುವಾಗ ಜನಸಂದಣಿ ತಡೆಯುವ ಕಬ್ಬಿಣದ ಬೇಲಿ ಯಾವ ಲೆಕ್ಕ?

ಹೀಗಾಗಿ ನಿಜವಾದ ರಕ್ಷಣೆ ಇರುವುದು ಎರಡರಲ್ಲಿ: ದೂರ ಮತ್ತು ದಿಕ್ಕು. ಟ್ರಕ್ ಓಡುವ ನೇರಕ್ಕೆ, ಅದು ನಿಲ್ಲಬೇಕಾದ ತುದಿಯಲ್ಲಿ, ಒಬ್ಬ ಪ್ರೇಕ್ಷಕನೂ ಇರಕೂಡದು. ಕಣಕ್ಕೆ ಹತ್ತಿರದ ಸಾಲುಗಳು ಖಾಲಿಯಿರಬೇಕು. ಜನ ಎತ್ತರದಲ್ಲಿ, ಗಟ್ಟಿ ಗೋಡೆಯ ಹಿಂದೆ ಕೂರಬೇಕು. ಮೇಲೆ ತಂತಿ ಹಾದಿದ್ದರೆ ಜಿಗಿತದ ಜಾಗ ಬದಲಾಗಬೇಕು.

ಕಟ್ಟುನಿಟ್ಟು ಹೆಚ್ಚಿದರೆ ಸಣ್ಣ ತಂಡಗಳು ಬಾಳಲಾರವು, ದೊಡ್ಡ ಸಂಸ್ಥೆಯೊಂದೇ ಉಳಿಯುತ್ತದೆ ಎಂಬ ವಾದವಿದೆ. ಇದನ್ನು ಸಾರಾಸಗಟಾಗಿ ತಳ್ಳಿಹಾಕುವಂತಿಲ್ಲ. ಗಂಡ ಹೆಂಡತಿ ಮಕ್ಕಳು ಸೇರಿ ಒಂದೇ ಟ್ರಕ್ಕನ್ನು ತಾವೇ ದುರಸ್ತಿ ಮಾಡಿಕೊಂಡು ಊರೂರು ಸುತ್ತುವ ತಂಡಗಳು ಈ ಆಟದ ಬೇರು. ಬಾಬ್ ಚಾಂಡ್ಲರ್ ಬಂದದ್ದೂ ಅಂಥ ಹಿನ್ನೆಲೆಯಿಂದಲೇ. ಆದರೆ ಮೇಲೆ ಹೇಳಿದ ಕ್ರಮಗಳಲ್ಲಿ ಬಹುಪಾಲಿಗೆ ದುಬಾರಿ ಯಂತ್ರ ಬೇಡ. ಬೇಕಾದದ್ದು ಅಳತೆಯ ಟೇಪು, ಮೈದಾನದ ನಕ್ಷೆ ಮತ್ತು ಇಲ್ಲಿ ಜಾಗ ಸಾಲದು ಎಂದು ಹೇಳುವ ಧೈರ್ಯವಿರುವ ಅಧಿಕಾರಿ. ಕೆಲವು ನೂರು ಟಿಕೆಟ್ ಕಡಿಮೆ ಮಾರಾಟವಾಗಬಹುದು. ಆ ನಷ್ಟವನ್ನು ಭರಿಸಲಾಗದ ಪ್ರದರ್ಶನ ನಡೆಯದಿದ್ದರೇ ಲೇಸು.

ಅಪಾಯವನ್ನು ಹತ್ತಿರದಿಂದ ಕಾಣುವ ಹಂಬಲ ಮನುಷ್ಯನಿಗೆ ಹೊಸದಲ್ಲ. ಚಾಲಕ ತಾನು ಎದುರಿಸಲಿರುವ ಗಂಡಾಂತರವನ್ನು ಬಲ್ಲ. ಅದಕ್ಕೆ ತಕ್ಕ ಪಂಜರದೊಳಗೆ ಬೆಲ್ಟು ಬಿಗಿದು ಕೂರುತ್ತಾನೆ. ಅಪ್ಪನ ಹೆಗಲೇರಿ ಕುಳಿತ ಮಗುವಿಗೆ ಅಂಥ ಪಂಜರವಿಲ್ಲ. ಟಿಕೆಟ್ ಕೊಂಡ ಅಪ್ಪ ಆ ಮಗುವಿನ ಸುರಕ್ಷೆಯನ್ನು ಸಂಘಟಕರ ಮತ್ತು ಪರವಾನಗಿಗೆ ಸಹಿ ಹಾಕಿದವರ ಕೈಗೆ ಒಪ್ಪಿಸಿಯೇ ಮೈದಾನದೊಳಕ್ಕೆ ಬಂದಿರುತ್ತಾನೆ. ಆ ನಂಬಿಕೆಗೆ ಚ್ಯುತಿ ಬಾರದಂತೆ ನೋಡಿಕೊಳ್ಳುವ ಕೆಲಸ ಪ್ರದರ್ಶನದ ದಿನ ಶುರುವಾದರೆ ತಡವಾಯಿತೆಂದೇ ಅರ್ಥ. ಅರ್ಜಿ ಮೇಜಿನ ಮೇಲೆ ಬಂದ ದಿನವೇ ಅದು ಶುರುವಾಗಬೇಕು.