ಗುಡ್ಡೆಯಿಂದ ಬದುಕುವವರನ್ನೂ ಲೆಕ್ಕಕ್ಕೆ ಹಿಡಿಯಿರಿ

ಕೈಗಾರಿಕೆಗೆ ಜಾಗ ಬೇಕೆಂದಾಗ ಸರ್ಕಾರ ಮೊದಲು ತೆರೆದು ನೋಡುವುದು ಆರ್‌ಟಿಸಿಯನ್ನು, ಅಂದರೆ ಪಹಣಿಯನ್ನು. ಯಾರ ಹೆಸರಿನಲ್ಲಿ ಎಷ್ಟು ಎಕರೆ, ಎಷ್ಟು ಸೆಂಟ್ಸ್ ಎಂಬುದು ಅಲ್ಲಿ ಸಿಗುತ್ತದೆ. ಪರಿಹಾರದ ಮಾತೂ ಅಲ್ಲಿಂದಲೇ ಶುರುವಾಗುತ್ತದೆ. ಮಂಗಳೂರು ವಿಶೇಷ ಆರ್ಥಿಕ ವಲಯಕ್ಕಾಗಿ ಬಜಪೆ, ಕಳವಾರು, ಪೆರ್ಮುದೆಯ ಆಸುಪಾಸಿನಲ್ಲಿ ಭೂಸ್ವಾಧೀನ ನಡೆದಾಗಲೂ ಹೀಗೇ ಆಯಿತು. ಎರಡನೇ ಹಂತಕ್ಕೆ ಗುರುತಿಸಿದ್ದ ಸುಮಾರು ಎರಡು ಸಾವಿರ ಎಕರೆಯನ್ನು ರೈತರ ಹೋರಾಟದ ಒತ್ತಡದಿಂದ 2011ರಲ್ಲಿ ಕೈಬಿಡಲಾಯಿತು. ಅದು ರೈತರ ಗೆಲುವು, ನಿಜ. ಆದರೆ ಪಹಣಿಯಲ್ಲಿ ಹೆಸರಿಲ್ಲದೆ, ಗದ್ದೆಯಾಚೆಗಿನ ಗುಡ್ಡೆ, ಪದವು, ಕುರುಚಲು ಕಾಡಿನಿಂದ ಬದುಕಿನ ಒಂದು ಪಾಲನ್ನು ಪಡೆಯುವ ಮನೆಗಳ ಪ್ರಶ್ನೆ ಅದರಿಂದ ಬಗೆಹರಿಯಲಿಲ್ಲ. ಕಾಡಿನ ಆದಾಯ ಎಷ್ಟು ಎಂದು ಕೇಳುವ ಮೊದಲು, ಆ ಕಾಡಿನ ಮೇಲೆ ಯಾರ ಮಾತು ನಡೆಯುತ್ತದೆ ಎಂದು ಕೇಳಬೇಕು. ಹಕ್ಕಿಲ್ಲದವರ ಆದಾಯ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಕರಾವಳಿಯಲ್ಲಿ ಈ ಆದಾಯ ಬಹುಪಾಲು ನೋಟಿನ ರೂಪದಲ್ಲಿ ಬರುವುದಿಲ್ಲ; ಖರ್ಚು ಉಳಿಸುವ ಮೂಲಕ ಬರುತ್ತದೆ. ಹಟ್ಟಿಗೆ ಹಾಸುವ ಸೊಪ್ಪು, ಅಡಿಕೆ ಬುಡಕ್ಕೆ ಹಾಕುವ ತರಗೆಲೆ, ಬಚ್ಚಲ ಒಲೆಯ ಕಟ್ಟಿಗೆ, ಮಾರ್ಚ್ ಕಳೆಯುತ್ತಲೇ ಹಣ್ಣಾಗುವ ಪುನರ್ಪುಳಿ, ಇವೆಲ್ಲವನ್ನೂ ದುಡ್ಡು ಕೊಟ್ಟು ತರಬೇಕಾದಾಗ ಮಾತ್ರ ಗುಡ್ಡೆಯ ಬೆಲೆ ಗೊತ್ತಾಗುತ್ತದೆ. ಈ ನಂಟನ್ನು ಹಿಂದಿನ ಮದ್ರಾಸ್ ಆಡಳಿತವೂ ಒಪ್ಪಿಕೊಂಡಿತ್ತು. ವರ್ಗ ಜಾಗಕ್ಕೆ, ಅಂದರೆ ಪಟ್ಟಾ ಇರುವ ಕೃಷಿ ಜಮೀನಿಗೆ, ತಾಗಿದ ಸರ್ಕಾರಿ ಭೂಮಿಯಿಂದ, ಸುಮಾರು ನೂರು ಗಜದವರೆಗೆ, ಸೊಪ್ಪು ಸೌದೆ ತೆಗೆಯುವ ಕುಮ್ಕಿ ಸೌಲಭ್ಯ ಬಂದದ್ದು ಹಾಗೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮು ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆಗಳನ್ನೂ ಉತ್ತರ ಕನ್ನಡದ ಬೆಟ್ಟ, ಹಾಡಿಗಳನ್ನೂ ಹೆಸರಿಸಿ ಆ ಸೌಲಭ್ಯಗಳನ್ನು ಮುಂದುವರಿಸಿದೆ. ಆದರೆ ಈ ಸೌಲಭ್ಯ ಅಂಟಿಕೊಂಡಿರುವುದು ವರ್ಗದಾರನಿಗೆ. ಗೇಣು ಜಾಗವೂ ಇಲ್ಲದ ಕೂಲಿಯವರು ಅದೇ ಗುಡ್ಡೆಯಿಂದ ಪುರುಳೆ ಹೆಕ್ಕುವುದು ನೆರೆಯವರ ಒಪ್ಪಿಗೆಯಿಂದ, ಕಾನೂನಿನ ಬಲದಿಂದಲ್ಲ. ಕುಮ್ಕಿಯನ್ನು ವರ್ಗದಾರರ ಹೆಸರಿಗೇ ಮಾಡಿಕೊಡಿ ಎಂಬ ಬೇಡಿಕೆ ಬಹುಕಾಲದಿಂದ ಇದೆ. ಕೃಷಿಕರ ದೃಷ್ಟಿಯಿಂದ ಅದು ಸಹಜವೇ. ಆದರೆ ಜಾಗಕ್ಕೆ ಬೇಲಿ ಬಿದ್ದ ದಿನ, ಒಪ್ಪಿಗೆಯ ಮೇಲೆ ನಡೆಯುತ್ತಿದ್ದ ಬಡವರ ಬದುಕು ಹೊರಗುಳಿಯುತ್ತದೆ.

ಈ ಅನ್ಯಾಯ ಎದ್ದು ಕಾಣುವುದು ಕೊರಗ ಸಮುದಾಯದಲ್ಲಿ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಈ ಜನರನ್ನು ಕೇಂದ್ರ ಸರ್ಕಾರ ವಿಶೇಷ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿ ಇರಿಸಿದೆ. ಕರ್ನಾಟಕದಲ್ಲಿ ಆ ಪಟ್ಟಿಗೆ ಸೇರಿದ ಇನ್ನೊಂದು ಸಮುದಾಯ ಜೇನುಕುರುಬರದು ಮಾತ್ರ. 2011ರ ಜನಗಣತಿಯಲ್ಲಿ ರಾಜ್ಯದ ಕೊರಗರ ಸಂಖ್ಯೆ ಹದಿನೈದು ಸಾವಿರವನ್ನೂ ಮುಟ್ಟಲಿಲ್ಲ. ಬುಟ್ಟಿ, ಹೆಡಿಗೆ, ಗೆರಸೆ ಹೆಣೆಯುವುದು ಅವರ ಕುಲಕಸುಬು. ಅದಕ್ಕೆ ಬೇಕಾದ ಬಿದಿರು, ಬೆತ್ತ, ಕಾಡುಬಳ್ಳಿಗಳು ಬರುವುದು ಗುಡ್ಡೆಯಿಂದ. 2000ದಲ್ಲಿ ಕೊರಗರನ್ನು ಹೀನಾಯವಾಗಿ ಕಾಣುವ ಅಜಲು ಪದ್ಧತಿಯನ್ನು ನಿಷೇಧಿಸಿ ಕಾಯ್ದೆ ತಂದ ರಾಜ್ಯ, ಅವರ ಘನತೆಗೆ ಒಂದು ಕಾವಲು ಕಟ್ಟಿತು. ಕಸುಬಿಗೆ ಬೇಕಾದ ಬಳ್ಳಿಯ ಮೇಲೆ ಮಾತ್ರ ಅವರಿಗೆ ಇನ್ನೂ ನೆಲೆಯಾದ ಹಕ್ಕಿಲ್ಲ. ಬುಟ್ಟಿಯನ್ನು ಪ್ಲಾಸ್ಟಿಕ್ ಕೊಂದಿತು ಎನ್ನುವುದು ಅರ್ಧ ಸತ್ಯ. ಹತ್ತಿರದ ಗುಡ್ಡೆ ಸಮತಟ್ಟಾಗಿ, ಬಳ್ಳಿಗಾಗಿ ದಿನದ ಅರ್ಧ ಭಾಗ ಅಲೆಯಬೇಕಾದಾಗ, ಯಾವ ಮಾರುಕಟ್ಟೆಯೂ ಆ ಕಸುಬಿಗೆ ಕೂಲಿ ಗಿಟ್ಟಿಸಿಕೊಡಲಾರದು.

ವಿಮಾನ ನಿಲ್ದಾಣದ ಪಕ್ಕದ ಬಜಪೆಯಂಥ ಊರಿನಲ್ಲಿ ಈಗ ಕಾಡನ್ನು ನಂಬಿದವರು ಯಾರಿದ್ದಾರೆ ಎಂದು ಕೇಳುವವರಿದ್ದಾರೆ. ಗಲ್ಫ್ ಸಂಬಳ, ಗ್ಯಾಸ್ ಸಿಲಿಂಡರ್ ಬಂದು ಬದುಕು ಬದಲಾಗಿದೆ, ಒಪ್ಪೋಣ. ಆದರೆ ಇದೇ ಜಿಲ್ಲೆಯಲ್ಲಿ ಹೆಂಗಸರು ದಶಕಗಳಿಂದ ಮನೆ ನಡೆಸಿದ್ದು ಬೀಡಿ ಕಟ್ಟಿ. ಬೀಡಿ ಕಂಪನಿಯ ಬ್ರಾಂಚಿನಿಂದ ಅವರು ತರುವ ಎಲೆ ಕಾಡಿನ ಹುಟ್ಟುವಳಿಯೇ. ಛತ್ತೀಸಗಢ, ಮಧ್ಯಪ್ರದೇಶ, ಒಡಿಶಾದ ಕಾಡುಗಳಲ್ಲಿ ಆದಿವಾಸಿಗಳು ಬೇಸಿಗೆಯಲ್ಲಿ ಕೊಯ್ದದ್ದು. ತಲಾ ಐವತ್ತು ಎಲೆಯ ಸಾವಿರ ಕಟ್ಟುಗಳ ಒಂದು ಚೀಲಕ್ಕೆ ಛತ್ತೀಸಗಢ 2024ರಿಂದ ಕೊಡುತ್ತಿರುವ ದರ 5,500 ರೂಪಾಯಿ, ಅಂದರೆ ಎಲೆಯೊಂದಕ್ಕೆ 11 ಪೈಸೆ. ಬೀಡಿ ಆರೋಗ್ಯಕ್ಕೆ ಹಾನಿ, ಆ ಉದ್ಯಮ ಕ್ಷೀಣಿಸುವುದೇ ಒಳ್ಳೆಯದು ಎಂಬ ಮಾತಿಗೆ ಎದುರಾಡುವಂತಿಲ್ಲ. ಹಾಗೆಂದೇ ಹತ್ತಿರದ ಗುಡ್ಡೆಯ ಪ್ರಶ್ನೆ ಇನ್ನಷ್ಟು ತುರ್ತಿನದು. ಬೀಡಿಯ ಕೂಲಿ ಇಳಿದಂತೆಲ್ಲ ಭೂಮಿಯಿಲ್ಲದ ಮನೆಗೆ ಉಳಿಯುವ ಆಸರೆಗಳು ಬೆರಳೆಣಿಕೆಯವು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಜನರಿಗೆ ಹಕ್ಕು ಕೊಟ್ಟರೆ ಕಾಡು ಬೋಳಾಗುವುದಿಲ್ಲವೇ? ಉಪ್ಪಾಗೆ ಎಂಬ ಕಾಡುಮರದ ಕತೆಯನ್ನು ಇದಕ್ಕೆ ಸಾಕ್ಷಿಯಾಗಿ ಹೇಳುತ್ತಾರೆ. ತೊಂಬತ್ತರ ದಶಕದಲ್ಲಿ ತೂಕ ಇಳಿಸುವ ಔಷಧಕ್ಕಾಗಿ ವಿದೇಶದಲ್ಲಿ ಬೇಡಿಕೆ ಏರಿ, ಉತ್ತರ ಕನ್ನಡದ ಕಾಡುಗಳಲ್ಲಿ ಬಲಿಯದ ಕಾಯಿಯನ್ನೇ ಕೊಯ್ದರು, ಕೊಂಬೆಗಳನ್ನೇ ಕಡಿದರು. ಆದರೆ ಅಲ್ಲಿ ಸಂಗ್ರಹದ ಹಕ್ಕು ಹರಾಜಿನಲ್ಲಿ ಗುತ್ತಿಗೆದಾರರಿಗೆ ಹೋಗುತ್ತಿತ್ತು. ಅವಧಿ ಮುಗಿದ ಮೇಲೆ ಮರ ಇದ್ದರೇನು, ಒಣಗಿದರೇನು? ತಾನು ಕೊಯ್ಯದಿದ್ದರೆ ಇನ್ನೊಬ್ಬ ಕೊಯ್ಯುತ್ತಾನೆ ಎಂಬ ಭಯ ಸಂಗ್ರಹಿಸುವವನಿಗೂ ಇತ್ತು. ಅಲ್ಲಿ ಮರವನ್ನು ಕೆಡಿಸಿದ್ದು ಹಕ್ಕಿನ ಕೊರತೆ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೆಂಢಾ-ಲೇಖಾ ಗ್ರಾಮಕ್ಕೆ 2009ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು, 2011ರಲ್ಲಿ ತನ್ನ ಬಿದಿರನ್ನು ತಾನೇ ಮಾರುವ ಅಧಿಕಾರವೂ ಬಂತು. ಅದೇ ವರ್ಷ ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಹಕ್ಕು ಪಡೆದರು. ನಾಳೆಯೂ ಈ ಕಾಡು ನಮಗೇ ಎಂಬ ಖಾತ್ರಿ ಇದ್ದವರಿಗೆ ಅದನ್ನು ಉಳಿಸಿಕೊಳ್ಳಲು ಕಾರಣವಿರುತ್ತದೆ.

ಹಾಗಾದರೆ ಬಜಪೆಯಂಥ ಕಡೆ ಮಾಡಬೇಕಾದುದೇನು? ಹೊಸ ಕಾನೂನನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರು, ಬೆತ್ತ, ಜೇನುಗಳಂಥ ಕಿರು ಅರಣ್ಯ ಉತ್ಪನ್ನಗಳ ಒಡೆತನವನ್ನು ಅರಣ್ಯವಾಸಿಗಳಿಗೆ ಕೊಡುತ್ತದೆ. ಕೊರಗರಂಥ ಸಮುದಾಯಗಳ ಆವಾಸದ ಹಕ್ಕನ್ನೂ ಪ್ರತ್ಯೇಕವಾಗಿ ಹೇಳುತ್ತದೆ. ಇತರ ಪಾರಂಪರಿಕ ಅರಣ್ಯವಾಸಿಗಳು 75 ವರ್ಷಗಳ ವಾಸವನ್ನು ತೋರಿಸಬೇಕೆಂಬ ಷರತ್ತು ಕೊರಗರಿಗೆ ಅನ್ವಯಿಸದು. 2013ರ ಭೂಸ್ವಾಧೀನ ಕಾಯ್ದೆಯೂ ಕಾಡಿನ ಉತ್ಪನ್ನ ಸಂಗ್ರಹಿಸಿ ಬದುಕುವ ಕುಟುಂಬವನ್ನು ಬಾಧಿತ ಕುಟುಂಬ ಎಂದೇ ಪರಿಗಣಿಸಿದೆ. ಕೊರತೆ ಇರುವುದು ಬೇರೆಡೆ: ರಾಜ್ಯದಲ್ಲಿ ಕೈಗಾರಿಕೆಗೆ ಜಮೀನು ಪಡೆಯುವುದು ಸಾಮಾನ್ಯವಾಗಿ 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ (ಕೆಐಎಡಿಬಿ) ಕಾಯ್ದೆಯ ಮೂಲಕ, ಅದರ ಕಣ್ಣು ಇರುವುದು ಜಮೀನುದಾರರ ಮೇಲೆ. ಉದ್ಯೋಗ ತರುವ ಕೈಗಾರಿಕೆಯನ್ನು ಬೇಡ ಎನ್ನುವ ವಾದ ಇದಲ್ಲ. ಯೋಜನೆಯ ಸಮೀಕ್ಷೆಗೆ ಬರುವ ಅಧಿಕಾರಿ ಆರ್‌ಟಿಸಿಯ ಜತೆಗೆ ಗುಡ್ಡೆಗೆ ಹೋಗುವವರ ಪಟ್ಟಿಯನ್ನೂ ಮಾಡಲಿ. ಕುಮ್ಕಿಯ ಭವಿಷ್ಯ ತೀರ್ಮಾನವಾಗುವಾಗ ಭೂಮಿಯಿಲ್ಲದವರ ಬಳಕೆಯನ್ನು ಬರಹದಲ್ಲಿ ಕಾಯ್ದಿರಿಸಲಿ. ಕೊರಗರ ಅರಣ್ಯ ಹಕ್ಕಿನ ಅರ್ಜಿಗಳನ್ನು ಸಮಾಜ ಕಲ್ಯಾಣ ಇಲಾಖೆ ತಾನೇ ಮುಂದೆ ನಿಂತು ಸಿದ್ಧಪಡಿಸಲಿ. ಇದಕ್ಕೆ ದೊಡ್ಡ ಅನುದಾನ ಬೇಡ. ದಾಖಲೆಯಲ್ಲಿಲ್ಲದ ದುಡಿಮೆಯನ್ನೂ ದುಡಿಮೆ ಎಂದು ಬರೆದುಕೊಳ್ಳುವ ಮನಸ್ಸು ಆಡಳಿತಕ್ಕೆ ಇದ್ದರೆ ಸಾಕು.