ಜಿಲ್ಲಾ ಪಂಚಾಯತಿಗೆ ಕೀಲಿ ಹಾಕಿದವರಾರು?

ಬೆಳಗಾವಿ ಜಿಲ್ಲಾ ಪಂಚಾಯತಿಗೆ ಜನ ಮತ ಹಾಕಿದ್ದು 2016ರ ಫೆಬ್ರುವರಿಯಲ್ಲಿ. 90 ಜನ ಸದಸ್ಯರು ಆರಿಸಿ ಬಂದರು. ಅವರ ಐದು ವರ್ಷದ ಅವಧಿ 2021ರಲ್ಲಿ ತೀರಿತು. ಅವರು ಎದ್ದು ಹೋದರು. ಅವರ ಜಾಗದಲ್ಲಿ ಆಡಳಿತಾಧಿಕಾರಿ ಬಂದು ಕುಳಿತರು. 2021 ಹೋಯಿತು, 2022 ಹೋಯಿತು, 2023 ಮತ್ತು 2024 ಸಹ ಹೋದವು. ಚುನಾವಣೆ ಮಾತ್ರ ಬರಲಿಲ್ಲ. ತಾಲೂಕು ಪಂಚಾಯತಿಗಳ ಹಣೆಬರಹವೂ ಇದೇ.

ಕೊರೋನಾ ಇತ್ತಲ್ಲವೇ ಎಂದು ಸರಕಾರದ ವಕೀಲಿ ಮಾಡುವವರುಂಟು. ಅವರಿಗೆ ಕೆಲವು ತಾರೀಖು ನೆನಪು ಮಾಡಿಕೊಡಬೇಕಾಗಿದೆ. 2020ರ ಡಿಸೆಂಬರದಲ್ಲಿ ಗ್ರಾಮ ಪಂಚಾಯತಿ ಚುನಾವಣೆ ಆಯಿತು. 2021ರ ಎಪ್ರಿಲ್ 17ಕ್ಕೆ, ರೋಗದ ಎರಡನೆಯ ಅಲೆ ಏಳುತ್ತಿದ್ದಾಗಲೇ, ಬೆಳಗಾವಿ ಲೋಕಸಭೆಯ ಉಪಚುನಾವಣೆ ಆಯಿತು. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಮತದಾರರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಸಾಲಿನಲ್ಲಿ ನಿಂತರು. ಅದೇ ವರ್ಷ ಸೆಪ್ಟೆಂಬರದಲ್ಲಿ ಬೆಳಗಾವಿ ಮಹಾನಗರ ಪಾಲಿಕೆಗೂ ಚುನಾವಣೆ ನಡೆಯಿತು. ಖಾಸದಾರರನ್ನು ಆರಿಸಲು ಅಡ್ಡ ಬರದ ರೋಗ ಜಿಲ್ಲಾ ಪಂಚಾಯತಿಗೆ ಮಾತ್ರ ಅಡ್ಡ ಬಂದಿತೇ?

ಅವಧಿ ತೀರುವ ಮೊದಲೇ ಚುನಾವಣೆ ಮುಗಿಸಬೇಕೆಂದು ಸಂವಿಧಾನವೇ ಹೇಳುತ್ತದೆ. 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿಯ ಮಾತಿದು. ಸ್ಥಳೀಯ ಸಂಸ್ಥೆಗಳ ಅವಧಿಯನ್ನು ನೆಪ ಹೇಳಿ ಎಳೆಯಬಾರದೆಂದು ಸುಪ್ರೀಮ್ ಕೋರ್ಟು 2006ರಲ್ಲಿ ಸ್ಪಷ್ಟ ಮಾಡಿತು. ರಾಜ್ಯ ಚುನಾವಣಾ ಆಯೋಗ ತನ್ನ ಕೆಲಸ ನಡೆಸಿಯೇ ಇತ್ತು. ಕ್ಷೇತ್ರಗಳ ಗಡಿ ಹಾಕಿ, ಮೀಸಲಾತಿಯ ಕರಡು ಯಾದಿಯನ್ನೂ 2021ರ ಜುಲೈದಲ್ಲಿ ಹೊರಡಿಸಿತು. ಆಗ ಸರಕಾರ ಮಾಡಿದ್ದೇನು? ಕಾಯದೆಯನ್ನೇ ತಿದ್ದಿತು. ಗಡಿ ಹಾಕುವ ಅಧಿಕಾರವನ್ನು ಆಯೋಗದ ಕೈಯಿಂದ ಕಸಿದು, ತಾನು ನೇಮಿಸಿದ ಬೇರೊಂದು ಆಯೋಗಕ್ಕೆ ಕೊಟ್ಟಿತು. ಕಟ್ಟಿದ ಗೋಡೆ ಕೆಡವಿ ಮತ್ತೆ ಅಡಿಪಾಯ ತೋಡಲು ಹತ್ತಿದ ಹಾಗಾಯಿತು. ವಿಳಂಬಕ್ಕಾಗಿ ಹೈಕೋರ್ಟು 2022ರ ಡಿಸೆಂಬರದಲ್ಲಿ ಸರಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ದಂಡ ಯಾವ ಮಂತ್ರಿಯ ಕಿಸೆಯಿಂದಲೂ ಹೋಗಲಿಲ್ಲ. ಸಂತೆಯಲ್ಲಿ ಸಾಬೂನು ಕೊಂಡು ತೆರಿಗೆ ತೆತ್ತವರ ದುಡ್ಡು ಅದು.

ಇದು ಭಾಜಪ ಸರಕಾರದ ಕಾಲದ ಮಾತು. 2023ರ ಮೇದಲ್ಲಿ ಕಾಂಗ್ರೆಸ್ ಬಂದಿತು. ವಿರೋಧ ಪಕ್ಷದಲ್ಲಿದ್ದಾಗ ಕೂಗಾಡಿದವರು ಖುರ್ಚಿ ಸಿಕ್ಕ ಮೇಲೆ ಅದೇ ರಾಗ ಹಾಡಿದರು. 2024ರ ಡಿಸೆಂಬರದಲ್ಲಿ ಬೆಳಗಾವಿ ಪಟ್ಟಣವೆಲ್ಲ ದೀಪದಿಂದ ಬೆಳಗಿತು. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಅಧಿವೇಶನಕ್ಕೆ ನೂರು ವರ್ಷವೆಂದು ಸಂಭ್ರಮ! ಗ್ರಾಮಸ್ವರಾಜ್ಯದ ಹೆಸರು ಎಷ್ಟು ಸಲ ಬಂದಿತೋ ಲೆಕ್ಕವಿಲ್ಲ. ಅದೇ ಪಟ್ಟಣದ ಜಿಲ್ಲಾ ಪಂಚಾಯತಿಯಲ್ಲಿ ಆಗ ಜನರು ಆರಿಸಿದ ಒಬ್ಬ ಸದಸ್ಯನೂ ಇರಲಿಲ್ಲ.

ಎಲ್ಲದರಲ್ಲಿ ಕಚ್ಚಾಡುವ ಈ ಎರಡು ಪಕ್ಷಗಳಿಗೆ ಇದೊಂದರಲ್ಲಿ ಮಾತ್ರ ಒಮ್ಮತ ಹೇಗೆ ಬಂದಿತು? ಉತ್ತರ ಕಠಿಣವಲ್ಲ. ಹಳ್ಳಿಯ ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಕುಡಿಯುವ ನೀರು, ಅಂಗನವಾಡಿ, ಊರಿಂದೂರಿಗೆ ಹೋಗುವ ದಾರಿ, ಇವೆಲ್ಲ ಜಿಲ್ಲಾ ಪಂಚಾಯತಿಯ ಬಾಬುಗಳು. ಸದಸ್ಯನಿದ್ದರೆ ಸಭೆಯಲ್ಲಿ ಎದ್ದು ಕೇಳುತ್ತಾನೆ, ಠರಾವು ಮಾಡಿಸುತ್ತಾನೆ, ಗುತ್ತಿಗೆ ಯಾರಿಗೆ ಹೋಯಿತೆಂದು ತಕರಾರು ತೆಗೆಯುತ್ತಾನೆ. ಸದಸ್ಯನಿಲ್ಲದಿದ್ದರೆ ಶಾಸಕನೊಬ್ಬನೇ ಧಣಿ. ಇನ್ನೂ ಒಂದು ಭಯವುಂಟು: ಇಂದಿನ ಜಿಲ್ಲಾ ಪಂಚಾಯತಿ ಸದಸ್ಯ ನಾಳೆ ಶಾಸಕನ ಟಿಕೇಟು ಕೇಳುವವ. ಅದರಲ್ಲಿಯೂ ಅರ್ಧ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. 2010ರಲ್ಲಿ ಈ ಕಾಯದೆ ಮಾಡಿ ಬೆನ್ನು ಚಪ್ಪರಿಸಿಕೊಂಡವರೇ 45 ಹೆಣ್ಣುಮಕ್ಕಳ ಖುರ್ಚಿಯನ್ನು ಖಾಲಿ ಇಟ್ಟರು.

ನಾನು ಕೆಲವು ವರ್ಷ ಮಾಸ್ತರಿಕೆ ಮಾಡಿದವನು. ಸದಸ್ಯರೆಲ್ಲರೂ ಹರಿಶ್ಚಂದ್ರರೆಂದು ಹೇಳುವುದಿಲ್ಲ. ಅವರಲ್ಲಿ ಗುತ್ತಿಗೆದಾರರ ಬಾಲ ಹಿಡಿದವರೂ ಇದ್ದರು. ಆದರೆ ಶಾಲೆಯ ಮಾಳಿಗೆ ಸೋರಿದಾಗ ಊರ ಹಿರಿಯರು ಅವನ ಮನೆಯ ಕಟ್ಟೆಗೆ ಹೋಗಿ ಕುಳಿತು, "ಏನಪಾ, ಮತ ಕೇಳಾಕ ಬಂದಾಗ ಏನ ಹೇಳಿದ್ದಿ?" ಎಂದು ಕೇಳಬಹುದಾಗಿತ್ತು. ಆಡಳಿತಾಧಿಕಾರಿಯ ಮನೆಗೆ ಕಟ್ಟೆ ಎಲ್ಲಿದೆ?

ಕಿತ್ತೂರಿನವರ ಸ್ಥಿತಿ ಇನ್ನೂ ವಿಚಿತ್ರ. ತಾಲೂಕು ಬೆಳಗಾವಿ ಜಿಲ್ಲೆಯದು, ಲೋಕಸಭೆಯ ಮತ ಉತ್ತರ ಕನ್ನಡ ಕ್ಷೇತ್ರಕ್ಕೆ! ಖಾಸದಾರರನ್ನು ಕಾಣಲು ಘಟ್ಟದ ಕಡೆಗೆ ಮುಖ ಮಾಡಬೇಕು. ಸವದತ್ತಿಯಿಂದ ಒಡೆದ ಯರಗಟ್ಟಿ 2016ರಲ್ಲಿ ತಾಲೂಕೇ ಆಗಿರಲಿಲ್ಲ. 2021ರಲ್ಲಿ ಮುಂಬಯಿ ಕರ್ನಾಟಕಕ್ಕೆ ಕಿತ್ತೂರು ಕರ್ನಾಟಕವೆಂದು ಹೆಸರಿಟ್ಟರು, ಸಂತೋಷ. ಚೆನ್ನಮ್ಮನ ಹೆಸರಿನಲ್ಲಿ ವರ್ಷಾ ಉತ್ಸವ, ಮೆರವಣಿಗೆ, ಹಾರ ತುರಾಯಿ. ಕಂಪನಿ ಸರಕಾರ ಆ ತಾಯಿಗೆ ಹೇಳಿದ್ದೂ ಇದನ್ನೇ ಅಲ್ಲವೇ: ನಿಮ್ಮ ವಾರಸುದಾರ ಯಾರೆಂದು ನಾವು ಹೇಳುತ್ತೇವೆ?

ಬ್ರಿಟಿಷರು 1884ರಲ್ಲಿ ಲೋಕಲ್ ಬೋರ್ಡು ಮಾಡಿದಾಗ ಕಲೆಕ್ಟರ ಸಾಹೇಬರೇ ಅಧ್ಯಕ್ಷರು. ಅಲ್ಲಿಂದ ನೂರು ವರ್ಷ ನಡೆದು, ಅಬ್ದುಲ್ ನಜೀರಸಾಬರ ಛಲದಿಂದ 1987ರಲ್ಲಿ ಚುನಾಯಿತ ಜಿಲ್ಲಾ ಪರಿಷತ್ತು ಬಂದು, ಅಧ್ಯಕ್ಷರಿಗೆ ರಾಜ್ಯಮಂತ್ರಿಯ ದರ್ಜೆ ಸಿಕ್ಕಿತ್ತು. 2021ರಲ್ಲಿ ತಿರುಗಿ 1884ಕ್ಕೆ! ಆ ಇಂಗ್ಲಂಡಿನಲ್ಲಿಯೇ ನೋಡಿರಿ: ಕೌನ್ಸಿಲ್ ಸಭೆಗೆ ಜನರೂ ಪತ್ರಿಕೆಯವರೂ ಹೋಗಿ ಕುಳಿತುಕೊಳ್ಳುವ ಹಕ್ಕನ್ನು 1960ರಲ್ಲಿ ಕಾಯದೆಯಿಂದ ಕೊಟ್ಟರು. 2025ರಲ್ಲಿ ಒಂಬತ್ತು ಕೌನ್ಸಿಲ್‌ಗಳ ಚುನಾವಣೆಯನ್ನು ಒಂದು ವರ್ಷ ಮುಂದೆ ಹಾಕಿದ್ದಕ್ಕೇ ಅಲ್ಲಿ ದೊಡ್ಡ ಗದ್ದಲವಾಯಿತು. ನಾವು ನಾಲ್ಕು ವರ್ಷ ಸುಮ್ಮನಿದ್ದೆವು.

ಲೋಹಿಯಾ ಹೇಳಿದ ಚೌಖಂಬಾ ರಾಜ್ಯದಲ್ಲಿ ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರ ನಾಲ್ಕೂ ಕಂಬ. ಜಿಲ್ಲೆಯ ಕಂಬ ಕಿತ್ತರೆ ಭಾರವೆಲ್ಲ ಗ್ರಾಮದ ತಲೆಯ ಮೇಲೆ. ಚುನಾಯಿತ ಮಂಡಳಿ ಇಲ್ಲದ ಕಡೆಗೆ 15ನೆಯ ಹಣಕಾಸು ಆಯೋಗದ ಅನುದಾನವೂ ಇಲ್ಲವೆಂಬುದು ನಿಯಮವಾಗಿತ್ತು. ಅಂದರೆ ಹಕ್ಕೂ ಹೋಯಿತು, ಹಣವೂ ಹೋಯಿತು.

ಗಿರಣಿಯ ಕಾಮಗಾರ ಬಂಧುಗಳೇ, ಅಂಗಡಿಕಾರರೇ, ಮತ ಕೇಳಲು ಬಂದ ಪುಢಾರಿ ಯಾವ ಪಕ್ಷದವನೇ ಇರಲಿ, ಎರಡು ಮಾತು ಬರೆಸಿಕೊಳ್ಳಿರಿ. ಗಡಿ ಮತ್ತು ಮೀಸಲಾತಿಯ ಅಧಿಕಾರ ಚುನಾವಣಾ ಆಯೋಗಕ್ಕೆ ಹೋಗಬೇಕು. ಅವಧಿ ತೀರಿದ ಆರು ತಿಂಗಳಲ್ಲಿ ಚುನಾವಣೆ ಆಗದಿದ್ದರೆ ದಂಡವನ್ನು ಖಜಾನೆಯಿಂದಲ್ಲ, ಮಂತ್ರಿಯ ಪಗಾರದಿಂದ ಮುರಿಯಬೇಕು. ಬರೆದುಕೊಡದವನಿಗೆ ಚಹಾ ಕುಡಿಸಿ ಕಳಿಸಿರಿ, ಮತ ಬೇಡ.